ಬೇಡಿದವನಿಗೆ ಬೇಡಿ

ಭಿಕ್ಷೆಗೆ ನಮ್ಮ ನಾಡಿನಲ್ಲಿ ಒಂದು ಮರ್ಯಾದೆಯಿದ್ದಿತು. ಉಪನೀತನಾದ ವಟುವು ಮೊದಲು ಕೈಯೊಡ್ಡುವುದು ಹೆತ್ತ ತಾಯಿಯ ಮುಂದೆ. ಹರಿದಾಸರು ಗೋಪಾಳಬುಟ್ಟಿ ಹಿಡಿದು ಮನೆಮನೆಗೆ ಹೋದರು. ಜಂಗಮರು ಜೋಳಿಗೆಯನ್ನು ಹೆಗಲಿಗೇರಿಸಿ ಊರೂರು ತಿರುಗಿದರು. ಕೋಲೆಬಸವನನ್ನು ಆಡಿಸುವವನಿಗೆ, ಬುಡಬುಡಿಕೆಯವನಿಗೆ, ವಂಶಾವಳಿಯನ್ನು ಹೇಳುವ ಹೆಳವನಿಗೆ ಮೊರದ ತುಂಬ ರಾಗಿಯನ್ನು ತಂದು ಸುರಿದ ಗೃಹಿಣಿಯು, ತಾನು ಅಪರಾಧಿಯೊಬ್ಬನನ್ನು ಪೋಷಿಸುತ್ತಿರುವೆನೆಂದು ಕನಸಿನಲ್ಲಿಯೂ ಎಣಿಸಿರಲಾರಳು.

ಕಾಯಿದೆಯ ಎಣಿಕೆಯೇ ಬೇರೆ. 1959ರ ಮುಂಬಯಿ ಭಿಕ್ಷಾಟನೆ ನಿರೋಧ ಕಾಯಿದೆಯನ್ನು ತೆರೆದು ನೋಡಿದರೆ ಇದು ತಿಳಿಯುತ್ತದೆ. ಹಾಡು, ಕುಣಿತ, ಕಣಿ ಹೇಳುವಿಕೆ, ಆಟ ತೋರಿಸುವಿಕೆ ಇವೆಲ್ಲವೂ ಅದರ ದೃಷ್ಟಿಯಲ್ಲಿ ಬೇಡುವುದಕ್ಕೆ ಹೂಡಿದ ನೆಪಗಳಾಗಬಲ್ಲವು. ಇಷ್ಟೇ ಅಲ್ಲ, ಕಣ್ಣಿಗೆ ಕಾಣುವ ಜೀವನೋಪಾಯವಿಲ್ಲದೆ, ಬೇಡಿ ಬದುಕುವವನಂತೆ ತೋರುತ್ತ ಬೀದಿಯಲ್ಲಿ ಅಲೆಯುವವನೂ ಭಿಕ್ಷುಕನೇ. ಅವನನ್ನು ವಾರಂಟಿಲ್ಲದೆ ಹಿಡಿಯಬಹುದು. ಮೊದಲ ಬಾರಿಗೆ 1 ವರ್ಷದಿಂದ 3 ವರ್ಷಗಳವರೆಗೆ, ಮತ್ತೆ ಮತ್ತೆ ಸಿಕ್ಕಿದರೆ 10 ವರ್ಷಗಳವರೆಗೂ ಕೂಡಿಹಾಕಬಹುದು. ಕಳ್ಳನನ್ನು ಶಿಕ್ಷಿಸಬೇಕಾದರೆ ಅವನು ಕದ್ದನೆಂಬುದನ್ನು ರುಜುವಾತುಪಡಿಸಬೇಕು. ಇಲ್ಲಿಯಾದರೋ ಹರಿದ ಬಟ್ಟೆಯೇ ಸಾಕ್ಷಿ, ಬರಿಗೈಯೇ ಪುರಾವೆ!

ಇಂಥ ಶಾಸನಗಳ ಹುಟ್ಟನ್ನು ಹುಡುಕುತ್ತ ಹೋದರೆ ನಾವು ಇಂಗ್ಲೆಂಡನ್ನು ತಲುಪುತ್ತೇವೆ. ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ನೆಲೆಯಿಲ್ಲದೆ ಬೀದಿಗೆ ಬಿದ್ದವರನ್ನು ಅಡಗಿಸಲು ಅಲ್ಲಿಯ ಪಾರ್ಲಿಮೆಂಟು 1824ರಲ್ಲಿ ಅಲೆಮಾರಿಗಳ ಕಾಯಿದೆಯನ್ನು ಮಾಡಿತು. ಆ ಬಿತ್ತ ಇಲ್ಲಿಯೂ ಮೊಳೆಯಿತು. ಹಳ್ಳಿಗಳನ್ನು ತೊರೆದು ಬಂದ ಜನ ಕಲ್ಕತ್ತೆಯ ಬೀದಿಗಳಲ್ಲಿ ಹಸಿದು ಸಾಯುತ್ತಿದ್ದ 1943ರಲ್ಲೇ ಬಂಗಾಳದಲ್ಲಿ ಅಲೆಮಾರಿಗಳ ವಿರುದ್ಧ ಶಾಸನವಾಯಿತು. ಮರುವರ್ಷವೇ ಮೈಸೂರು ಸಂಸ್ಥಾನದಲ್ಲಿ ಭಿಕ್ಷಾಟನೆ ನಿಷೇಧ ಕಾಯಿದೆ ಬಂದಿತು. ಅದರ ಸ್ಥಾನದಲ್ಲಿ 1975ರಲ್ಲಿ ಬಂದ ಕರ್ನಾಟಕದ ಕಾಯಿದೆಯೂ ಹೆಚ್ಚುಕಡಿಮೆ ಇದೇ ಅಚ್ಚಿನಲ್ಲಿ ಎರಕವಾದದ್ದು. ದೊರೆ ಹೋದ, ಪ್ರಜೆ ದೊರೆಯಾದ; ಬೇಡುವವನ ಪಾಡು ಮಾತ್ರ ಬದಲಾಗಲಿಲ್ಲ.

ಈ ಕಾಯಿದೆಗೂ ನಮಗೂ ಸಂಬಂಧವಿಲ್ಲವೆಂದು ವಾಚಕರು ಭಾವಿಸಬಾರದು. ಮನೆಯ ಆಸ್ತಿ ತೆರಿಗೆಯ ರಸೀದಿಯನ್ನು ಒಮ್ಮೆ ನೋಡಿರಿ: ತೆರಿಗೆಯ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಸೆಸ್ಸು ಸೇರಿರುತ್ತದೆ. ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಆ ಹಣದಿಂದ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಅಂಥದೊಂದು ಕೇಂದ್ರದಲ್ಲಿ 2010ರ ಆಗಸ್ಟ್ ತಿಂಗಳಿನಲ್ಲಿ ಒಬ್ಬರ ಹಿಂದೊಬ್ಬರಂತೆ ಅನೇಕರು ಸತ್ತರು. ನಾಡು ತಲೆತಗ್ಗಿಸಿತು, ಸಮಾಜ ಕಲ್ಯಾಣ ಮಂತ್ರಿಗಳು ರಾಜೀನಾಮೆ ಕೊಟ್ಟರು. ಕಾಯಿದೆ ಮಾತ್ರ ತನ್ನ ಪದವಿಯಲ್ಲೇ ಉಳಿಯಿತು.

ನ್ಯಾಯಾಲಯಗಳು ಸುಮ್ಮನೆ ಕುಳಿತಿಲ್ಲ. ಮುಂಬಯಿ ಕಾಯಿದೆ ದೆಹಲಿಗೂ ಅನ್ವಯಿಸಿದ್ದಿತು. ಅದರ ಮುಖ್ಯ ಪ್ರಕರಣಗಳನ್ನು 2018ರ ಆಗಸ್ಟ್ 8ರಂದು ದೆಹಲಿಯ ಹೈಕೋರ್ಟು ಸಂವಿಧಾನವಿರುದ್ಧವೆಂದು ತಳ್ಳಿಹಾಕಿತು. 2019ರಲ್ಲಿ ಜಮ್ಮು-ಕಾಶ್ಮೀರದ ಹೈಕೋರ್ಟು ಅಲ್ಲಿಯ ಶಾಸನವನ್ನು ತೊಡೆದುಹಾಕಿತು. ಜನ ಬೇಡುವುದು ಬೇರೆ ದಾರಿಯಿಲ್ಲದೆ ಎಂಬ ಭಾವವನ್ನು ಸುಪ್ರೀಂ ಕೋರ್ಟು 2021ರಲ್ಲಿ ವ್ಯಕ್ತಪಡಿಸಿತು. ಆದರೆ ದೆಹಲಿಯ ತೀರ್ಪಿನಿಂದ ಕರ್ನಾಟಕದ ಕಾಯಿದೆ ತಾನಾಗಿ ಅಳಿಯುವುದಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ನಿರ್ಗತಿಕರ ರಕ್ಷಣೆಗೆಂದು ಒಂದು ಮಾದರಿ ಮಸೂದೆಯನ್ನು ಸಿದ್ಧಪಡಿಸಿತು, ಅದು ಶಾಸನವಾಗಲಿಲ್ಲ. ಆದುದರಿಂದ ಕಟ್ಟಿದ ಗಂಟನ್ನು ಕಟ್ಟಿದ ಮನೆಯೇ ಬಿಚ್ಚಬೇಕಾಗಿದೆ. ಆ ಮನೆಯು ನಮ್ಮ ವಿಧಾನ ಮಂಡಲ.

ಶಾಸಕರ ಬಾಗಿಲಿಗೆ ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು: "ಭಿಕ್ಷೆಯನ್ನೇ ದಂಧೆ ಮಾಡಿಕೊಂಡವರ ಗತಿಯೇನು?" ಪ್ರಶ್ನೆ ನ್ಯಾಯವಾದುದೇ. ಆದರೆ ಮಕ್ಕಳನ್ನು ಅಪಹರಿಸಿ, ಅಂಗಹೀನರನ್ನಾಗಿಸಿ ಬೇಡಿಸುವ ದುರುಳರಿಗೆ 2023ರ ಭಾರತೀಯ ನ್ಯಾಯ ಸಂಹಿತೆಯ 139ನೆಯ ಪ್ರಕರಣದಲ್ಲಿ ಕಠಿಣ ಶಿಕ್ಷೆಯುಂಟು. ಬಲಾತ್ಕಾರದಿಂದ ಬೇಡಿಸುವವನನ್ನು ದಂಡಿಸುವುದಕ್ಕೆ ಹಸಿವಿನಿಂದ ಬೇಡುವವನನ್ನು ಸೆರೆಯಲ್ಲಿಡಬೇಕಾಗಿಲ್ಲ. ಇನ್ನು ಹಣದ ಮಾತು: ಸೆಸ್ಸು ಈಗಾಗಲೇ ಸಂದಾಯವಾಗುತ್ತಿದೆ. ಹಿಡಿದು ತರುವುದಕ್ಕೂ ಕಾವಲಿಗೂ ವೆಚ್ಚವಾಗುವ ಹಣವನ್ನು ಮುಚ್ಚದ ಬಾಗಿಲಿನ ಆಶ್ರಯಕ್ಕೆ, ಔಷಧೋಪಚಾರಕ್ಕೆ, ಕೈಲಾದವರಿಗೆ ಕೆಲಸ ಕಲಿಸುವುದಕ್ಕೆ ತಿರುಗಿಸಿದರಾಯಿತು. ಬೇಡಿದ್ದಕ್ಕೆ ಬಂಧನವೆಂಬ ಪ್ರಕರಣಗಳು ಹೋಗಬೇಕು, ಪರಿಹಾರದ ಹೊಣೆ ಉಳಿಯಬೇಕು: ಕೇಳಬೇಕಾದುದು ಇಷ್ಟೆ.

ಇದು ಆಗದ ಮಾತಲ್ಲ. ಇಡೀ ಕುಲಗಳನ್ನೇ ಹುಟ್ಟಾ ಅಪರಾಧಿಗಳೆಂದು ಸಾರಿದ 1871ರ ಶಾಸನದ ಪರಂಪರೆಯನ್ನು ಸ್ವತಂತ್ರ ಭಾರತವು 1952ರಲ್ಲಿ ರದ್ದುಗೊಳಿಸಿತು. ತನ್ನ 1824ರ ಕಾಯಿದೆಯನ್ನು ತೆಗೆದುಹಾಕಲು ಇಂಗ್ಲೆಂಡಿನ ಪಾರ್ಲಿಮೆಂಟೇ 2022ರಲ್ಲಿ ಸಮ್ಮತಿಸಿತು, ಅದು ಜಾರಿಗೆ ಬರುವುದು ತಡವಾಯಿತೆಂಬುದು ಬೇರೆ ಮಾತು.

ಆದರೆ ಶಾಸಕರನ್ನು ಕೇಳುವವರು ಯಾರು? ಬೀದಿಯಲ್ಲಿ ಮಲಗುವವನಿಗೆ ಮನೆಯಿಲ್ಲ. ವಿಳಾಸವಿಲ್ಲದವನ ಹೆಸರು ಮತದಾರರ ಪಟ್ಟಿಯನ್ನು ಸೇರುವುದೂ ದುಸ್ತರ. ಚುನಾವಣೆಯ ಕಾಲದಲ್ಲಿ ಅವನ ಮುಂದೆ ಕೈಮುಗಿದು ನಿಲ್ಲುವವರು ವಿರಳ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಾದರೋ 7 ಶಿಕ್ಷಕರಿಗೆ, 7 ಪದವೀಧರರಿಗೆ ಮೀಸಲಾಗಿವೆ. ವಿದ್ಯಾವಂತನಿಗೆ ಸಂವಿಧಾನವು ಕೊಟ್ಟಿರುವ ಈ ಹೆಚ್ಚಿನ ಮತವು ಸಂಬಳ-ಸಾರಿಗೆಗಳ ಮಾತಿಗೆ ಮಾತ್ರ ಮುಡಿಪಾಗಬೇಕೆ? ಮತ ಕೇಳಲು ಬಂದವರನ್ನು ಶಿಕ್ಷಕರು ಈ ಕಾಯಿದೆಯ ಬಗೆಗೂ ಒಂದು ಮಾತು ಕೇಳಲಿ. ಕಾಲೇಜಿನ ಚರ್ಚಾಕೂಟಗಳಲ್ಲಿ ವಿದ್ಯಾರ್ಥಿಗಳು ಇದನ್ನು ಓದಿ ವಿಮರ್ಶಿಸಲಿ. ವಿಧಾನ ಸಭೆಯ ಅರ್ಜಿಗಳ ಸಮಿತಿಗೆ ಬರೆಯಲಿ. ಖಾಸಗಿ ಸದಸ್ಯರ ಮಸೂದೆಯೊಂದನ್ನು ತರಲು ಒಬ್ಬ ಶಾಸಕರನ್ನಾದರೂ ಒಪ್ಪಿಸಲಿ. ಅನ್ನಕ್ಕಾಗಿ ಕೈಯೊಡ್ಡಿದವನ ಪರವಾಗಿ ನ್ಯಾಯಕ್ಕಾಗಿ ಕೈಯೊಡ್ಡಲು ಅಕ್ಷರ ಬಲ್ಲವರು ನಾಚಬೇಕಾಗಿಲ್ಲ.