ಖಾಸಗಿ ಮನೋಚಿಕಿತ್ಸಾ ಮತ್ತು ಆಪ್ತಸಮಾಲೋಚನಾ ಕೇಂದ್ರಗಳಲ್ಲಿ ವೈಯಕ್ತಿಕ ಮಾಹಿತಿಯ ಗೋಪ್ಯತೆ: ನಾಗರಿಕರಿಗೆ ಮಾಹಿತಿ

ಮಾನಸಿಕ ಒತ್ತಡ, ಖಿನ್ನತೆ, ಕೌಟುಂಬಿಕ ಕಲಹ, ದುಶ್ಚಟ ಮೊದಲಾದ ತೊಂದರೆಗಳಿಂದ ಬಳಲುವವರು ನೆರವು ಪಡೆಯಲು ಹಿಂಜರಿಯುವುದಕ್ಕೆ ಒಂದು ಮುಖ್ಯ ಕಾರಣ, ತಾವು ಹೇಳಿಕೊಂಡ ವಿಷಯ ಹೊರಗೆ ತಿಳಿದೀತೆಂಬ ಭಯ. ಮದುವೆಯ ಮಾತುಕತೆ, ಉದ್ಯೋಗ, ನೆರೆಹೊರೆಯವರ ಅಭಿಪ್ರಾಯ ಇವೆಲ್ಲವೂ ಈ ಭಯದ ಹಿಂದಿರುತ್ತವೆ. ಖಾಸಗಿ ಕೇಂದ್ರವೊಂದು ಯಾವ ಮಾಹಿತಿಯನ್ನು ಪಡೆಯುತ್ತದೆ, ಅದನ್ನು ಹೇಗೆ ಕಾಪಾಡಬೇಕು, ಯಾವ ಸಂದರ್ಭದಲ್ಲಿ ಮಾತ್ರ ಹೊರಗೆ ನೀಡಬಹುದು ಮತ್ತು ಲೋಪವಾದಲ್ಲಿ ಎಲ್ಲಿ ದೂರು ಸಲ್ಲಿಸಬೇಕು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಕಾನೂನಿನ ಆಧಾರ

ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಈ ಪ್ರಕರಣದ ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 23ನೇ ಪ್ರಕರಣದನ್ವಯ ಮಾನಸಿಕ ಅಸ್ವಸ್ಥತೆಯುಳ್ಳ ವ್ಯಕ್ತಿಗೆ ತನ್ನ ಮಾನಸಿಕ ಆರೋಗ್ಯ, ಚಿಕಿತ್ಸೆ ಹಾಗೂ ದೈಹಿಕ ಆರೋಗ್ಯದ ಬಗ್ಗೆ ಗೋಪ್ಯತೆಯ ಹಕ್ಕು ಇರುತ್ತದೆ. ಚಿಕಿತ್ಸೆ ನೀಡುವ ಎಲ್ಲ ಆರೋಗ್ಯ ವೃತ್ತಿಪರರೂ ಚಿಕಿತ್ಸಾ ಸಮಯದಲ್ಲಿ ತಿಳಿದ ಮಾಹಿತಿಯನ್ನು ಗೋಪ್ಯವಾಗಿಡಲು ಬದ್ಧರಾಗಿರುತ್ತಾರೆ. ಗಣಕಯಂತ್ರದಲ್ಲಿ ಅಥವಾ ಅಂತರಜಾಲದಲ್ಲಿ ಸಂಗ್ರಹಿಸಿದ ಮಾಹಿತಿಗೂ ಈ ಹಕ್ಕು ಅನ್ವಯಿಸುತ್ತದೆ ಎಂದು 24ನೇ ಪ್ರಕರಣವು ಸ್ಪಷ್ಟಪಡಿಸುತ್ತದೆ.

ಎಲ್ಲ ಆಪ್ತಸಮಾಲೋಚನೆಯೂ ಅಸ್ವಸ್ಥತೆಯ ಚಿಕಿತ್ಸೆಯಲ್ಲ. ಪರೀಕ್ಷೆಯ ಭಯ, ಆಪ್ತರ ಅಗಲಿಕೆಯ ದುಃಖ, ದಾಂಪತ್ಯದ ಭಿನ್ನಾಭಿಪ್ರಾಯ ಇಂತಹ ಕಾರಣಗಳಿಗಾಗಿ ಬಂದವರು ಈ ಅಧಿನಿಯಮದ ವ್ಯಾಖ್ಯೆಯೊಳಗೆ ಬಾರದಿರಬಹುದು. ಆದಾಗ್ಯೂ ಅವರ ಮಾಹಿತಿಗೆ ರಕ್ಷಣೆ ಇಲ್ಲವೆಂದು ಅರ್ಥವಲ್ಲ. ಮಾನಸಿಕ ಆರೋಗ್ಯ ಸ್ಥಿತಿಯ ವಿವರಗಳನ್ನು 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ಸೂಕ್ಷ್ಮ ವೈಯಕ್ತಿಕ ಮಾಹಿತಿ ಎಂದು ಪರಿಗಣಿಸಿವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಕಾಯಿಲೆಯಿದ್ದವರು, ಇಲ್ಲದವರು ಎಂಬ ಭೇದವಿಲ್ಲದೆ ಡಿಜಿಟಲ್ ರೂಪದಲ್ಲಿರುವ ಎಲ್ಲ ವೈಯಕ್ತಿಕ ಮಾಹಿತಿಗೂ ಅನ್ವಯಿಸುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳ ಜಾರಿಗೆ ಹದಿನೆಂಟು ತಿಂಗಳ ಅವಧಿಯನ್ನು, ಅಂದರೆ 2027ರ ಮೇ ತಿಂಗಳವರೆಗೆ, ನಿಗದಿಪಡಿಸಲಾಗಿದೆ.

2. ಕೇಂದ್ರಗಳು ಸಂಗ್ರಹಿಸುವ ಮಾಹಿತಿ

ಸಾಮಾನ್ಯವಾಗಿ ಮೂರು ಬಗೆಯ ಮಾಹಿತಿಯನ್ನು ಸಂಗ್ರಹಿಸಲಾಗುತ್ತದೆ.

(ಅ) ಗುರುತಿನ ವಿವರ: ಹೆಸರು, ವಯಸ್ಸು, ವಿಳಾಸ, ದೂರವಾಣಿ ಸಂಖ್ಯೆ, ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರ ಹೆಸರು.

(ಆ) ಚಿಕಿತ್ಸಾ ದಾಖಲೆ: ತೊಂದರೆಯ ಇತಿಹಾಸ, ಕುಟುಂಬದ ಹಿನ್ನೆಲೆ, ಸೇವಿಸುತ್ತಿರುವ ಔಷಧಿ, ಮನೋಪರೀಕ್ಷೆಗಳ ಫಲಿತಾಂಶ, ಪ್ರತಿ ಭೇಟಿಯ ಟಿಪ್ಪಣಿ.

(ಇ) ಆಡಳಿತಾತ್ಮಕ ವಿವರ: ಭೇಟಿಯ ದಿನಾಂಕ, ಪಾವತಿಸಿದ ಶುಲ್ಕ, ರಸೀದಿ, ಸಂದೇಶಗಳು.

ಮೂರನೆಯ ಬಗೆಯ ಮಾಹಿತಿಯು ಮೇಲ್ನೋಟಕ್ಕೆ ಅಲ್ಪವೆಂದು ತೋರಿದರೂ ಗೋಪ್ಯತೆಗೆ ಭಂಗ ಬರುವುದು ಹೆಚ್ಚಾಗಿ ಇಲ್ಲಿಂದಲೇ ಸಾಧ್ಯ. ಸ್ವಾಗತ ಮೇಜಿನ ಮೇಲೆ ತೆರೆದಿಟ್ಟ ಹಾಜರಿ ಪುಸ್ತಕದಲ್ಲಿ ಹಿಂದಿನವರ ಹೆಸರು ಮುಂದಿನವರಿಗೆ ಕಾಣುತ್ತದೆ. ಮನೆಮಂದಿಯೆಲ್ಲ ಬಳಸುವ ಒಂದೇ ಮೊಬೈಲ್‌ಗೆ ಕೇಂದ್ರದ ಹೆಸರಿನೊಡನೆ ಜ್ಞಾಪನಾ ಸಂದೇಶ ಬಂದರೆ ಹೇಳಬಾರದೆಂದುಕೊಂಡ ಸಂಗತಿ ತಾನಾಗಿಯೇ ಬಯಲಾಗುತ್ತದೆ. ಆದುದರಿಂದ ಯಾವ ಸಂಖ್ಯೆಗೆ, ಯಾವ ವೇಳೆಯಲ್ಲಿ, ಯಾವ ಒಕ್ಕಣೆಯಲ್ಲಿ ಸಂದೇಶ ಕಳುಹಿಸಬೇಕೆಂಬುದನ್ನು ಮೊದಲ ಭೇಟಿಯಲ್ಲಿಯೇ ಲಿಖಿತವಾಗಿ ತಿಳಿಸುವುದು ಸೂಕ್ತ.

3. ಸಮ್ಮತಿ ಪತ್ರ

ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಸಮ್ಮತಿ ಪತ್ರಕ್ಕೆ ಸಹಿ ಪಡೆಯಲಾಗುತ್ತದೆ. ಸಹಿ ಮಾಡುವ ಮುನ್ನ ಪತ್ರವನ್ನು ಪೂರ್ಣವಾಗಿ ಓದಿಕೊಳ್ಳುವುದು ಅಥವಾ ಓದಿಸಿ ಕೇಳುವುದು ಅವಶ್ಯ. ಯಾವ ಮಾಹಿತಿಯನ್ನು ಯಾವ ಉದ್ದೇಶಕ್ಕಾಗಿ ಪಡೆಯಲಾಗುತ್ತಿದೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. 2023ರ ಅಧಿನಿಯಮದಂತೆ ಸಮ್ಮತಿ ಕೋರುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಒದಗಿಸತಕ್ಕದ್ದು. ಕನ್ನಡವು ಸದರಿ ಅನುಸೂಚಿಯಲ್ಲಿ ಸೇರಿದೆ. ನೀಡಿದ ಸಮ್ಮತಿಯನ್ನು ನಂತರ ಹಿಂಪಡೆಯುವ ಹಕ್ಕೂ ಇರುತ್ತದೆ. ಹಿಂಪಡೆಯುವ ವಿಧಾನವು ನೀಡುವ ವಿಧಾನದಷ್ಟೇ ಸುಲಭವಾಗಿರಬೇಕು.

ಚಿಕಿತ್ಸೆಗೆ ನೀಡಿದ ಸಮ್ಮತಿಯು ಇತರ ಉದ್ದೇಶಗಳಿಗೆ ನೀಡಿದ ಸಮ್ಮತಿಯಲ್ಲ. ಸಂಭಾಷಣೆಯ ಧ್ವನಿಮುದ್ರಣ, ವಿದ್ಯಾರ್ಥಿಗಳ ಹಾಜರಿ, ಸಂಶೋಧನೆ, ಜಾಹೀರಾತಿನಲ್ಲಿ ಅನುಭವದ ಪ್ರಕಟಣೆ ಇವುಗಳಿಗೆ ಪ್ರತ್ಯೇಕ ಸಮ್ಮತಿ ಪಡೆಯುವುದು ಸರಿಯಾದ ಕ್ರಮ. ಚಿಕಿತ್ಸಕರು ಕಠಿಣ ಪ್ರಕರಣಗಳ ಬಗ್ಗೆ ಹಿರಿಯ ವೃತ್ತಿಪರರ ಸಲಹೆ ಪಡೆಯುವುದು ರೂಢಿಯಲ್ಲಿದೆ. ಅಂತಹ ಸಂದರ್ಭದಲ್ಲಿ ಹೆಸರು, ಊರು, ಉದ್ಯೋಗ ಮೊದಲಾದ ಗುರುತುಗಳನ್ನು ಮರೆಮಾಡಿ ಚರ್ಚಿಸಬೇಕಾಗುತ್ತದೆ.

4. ಮಾಹಿತಿಯನ್ನು ಹೊರಗೆ ನೀಡಬಹುದಾದ ಸಂದರ್ಭಗಳು

ಗೋಪ್ಯತೆಯು ಸಂಪೂರ್ಣ ನಿರಪವಾದವಾದುದಲ್ಲ. 23ನೇ ಪ್ರಕರಣವು ಈ ಕೆಳಕಂಡ ವಿನಾಯಿತಿಗಳನ್ನು ನೀಡುತ್ತದೆ.

(ಅ) ನಾಮನಿರ್ದೇಶಿತ ಪ್ರತಿನಿಧಿಯು ತನ್ನ ಕರ್ತವ್ಯ ನಿರ್ವಹಿಸಲು ಅಗತ್ಯವಾದ ಮಾಹಿತಿ.
(ಆ) ಚಿಕಿತ್ಸೆ ನೀಡುವ ಇತರ ಆರೋಗ್ಯ ವೃತ್ತಿಪರರಿಗೆ ಅಗತ್ಯವಾದ ಮಾಹಿತಿ.
(ಇ) ಮತ್ತೊಬ್ಬ ವ್ಯಕ್ತಿಯನ್ನು ಹಾನಿ ಅಥವಾ ಹಿಂಸೆಯಿಂದ ರಕ್ಷಿಸಲು ಅಗತ್ಯವಾದಷ್ಟು ಮಾತ್ರ ಮಾಹಿತಿ.
(ಈ) ಜೀವಾಪಾಯವನ್ನು ತಡೆಯಲು ಅಗತ್ಯವಾದಷ್ಟು ಮಾತ್ರ ಮಾಹಿತಿ.
(ಉ) ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ, ಉಚ್ಚ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯ ಅಥವಾ ಅಧಿಕಾರವುಳ್ಳ ಇತರ ಶಾಸನಬದ್ಧ ಪ್ರಾಧಿಕಾರದ ಆದೇಶವಿದ್ದಾಗ.
(ಊ) ಸಾರ್ವಜನಿಕ ಸುರಕ್ಷತೆ ಮತ್ತು ಭದ್ರತೆಯ ಹಿತದೃಷ್ಟಿಯಿಂದ.

ಇಲ್ಲಿ "ಅಗತ್ಯವಾದಷ್ಟು ಮಾತ್ರ" ಎಂಬ ಮಾತು ಮುಖ್ಯವಾದುದು. ಉದಾಹರಣೆಗೆ, ವ್ಯಕ್ತಿಯೊಬ್ಬರು ತಮ್ಮ ಪ್ರಾಣಕ್ಕೆ ಅಪಾಯ ತಂದುಕೊಳ್ಳುವ ಸ್ಥಿತಿಯಲ್ಲಿದ್ದಾರೆಂದು ಕಂಡುಬಂದಲ್ಲಿ, ಅವರನ್ನು ಒಂಟಿಯಾಗಿ ಬಿಡಬಾರದೆಂದು ಮನೆಯವರಿಗೆ ತಿಳಿಸಬಹುದು. ಅವರ ದಾಂಪತ್ಯದ ವಿವರಗಳನ್ನಾಗಲಿ ಹಳೆಯ ಸಂಗತಿಗಳನ್ನಾಗಲಿ ಆ ನೆಪದಲ್ಲಿ ಹೇಳುವಂತಿಲ್ಲ.

ಆತ್ಮಹತ್ಯೆಯ ಆಲೋಚನೆಯನ್ನು ಹೇಳಿಕೊಂಡರೆ ಪೊಲೀಸ್ ಮೊಕದ್ದಮೆಯಾಗುತ್ತದೆ ಎಂಬ ಭಾವನೆ ಕೆಲವರಲ್ಲಿದೆ. ಇಂತಹ ಆಲೋಚನೆ ಬರುವುದು ಅಪರಾಧವಲ್ಲ. ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿಯು ತೀವ್ರ ಒತ್ತಡದಲ್ಲಿದ್ದನೆಂದು ಭಾವಿಸಿ ಆರೈಕೆ ನೀಡಬೇಕೆಂದು 2017ರ ಅಧಿನಿಯಮದ 115ನೇ ಪ್ರಕರಣ ಹೇಳುತ್ತದೆ. ಆತ್ಮಹತ್ಯಾ ಯತ್ನವನ್ನು ಶಿಕ್ಷಾರ್ಹವೆನ್ನುತ್ತಿದ್ದ ಹಿಂದಿನ ಭಾರತೀಯ ದಂಡ ಸಂಹಿತೆಯ 309ನೇ ಪ್ರಕರಣವನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿಸಿಕೊಂಡಿಲ್ಲ. ಆದುದರಿಂದ ಈ ವಿಷಯವನ್ನು ಚಿಕಿತ್ಸಕರಿಂದ ಮುಚ್ಚಿಡುವ ಅಗತ್ಯವಿಲ್ಲ.

5. ಮಕ್ಕಳಿಗೆ ಸಂಬಂಧಿಸಿದಂತೆ

ಹದಿನೆಂಟು ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದಲ್ಲಿ ಅಥವಾ ನಡೆಯಬಹುದೆಂಬ ಆತಂಕವಿದ್ದಲ್ಲಿ, ಅದನ್ನು ವಿಶೇಷ ಬಾಲನ್ಯಾಯ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಅಧಿನಿಯಮ, 2012ರ 19ನೇ ಪ್ರಕರಣದನ್ವಯ ಕಡ್ಡಾಯವಾಗಿದೆ. ಈ ಕರ್ತವ್ಯದಿಂದ ಚಿಕಿತ್ಸಕರಿಗೆ ವಿನಾಯಿತಿ ಇಲ್ಲ. ವರದಿ ಮಾಡದಿರುವುದು ಶಿಕ್ಷಾರ್ಹ. ಮಗುವಿನೊಡನೆ ಮಾತನಾಡುವ ಮೊದಲೇ ಈ ಮಿತಿಯನ್ನು ಮಗುವಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸುವುದು ಉತ್ತಮ ಪದ್ಧತಿ.

ಇತರ ವಿಷಯಗಳಲ್ಲಿ ತಂದೆತಾಯಿಗಳಿಗೆ ಚಿಕಿತ್ಸೆಯ ಪ್ರಗತಿಯನ್ನು ತಿಳಿಸಲಾಗುತ್ತದೆ. ಆದರೆ ಹದಿಹರೆಯದವರು ಆಡಿದ ಪ್ರತಿಯೊಂದು ಮಾತನ್ನೂ ಒಪ್ಪಿಸಿದಲ್ಲಿ ಅವರು ಮುಂದೆ ಬಾಯಿ ಬಿಡಲಾರರು. ಏನನ್ನು ತಿಳಿಸಲಾಗುವುದು, ಏನನ್ನು ತಿಳಿಸಲಾಗುವುದಿಲ್ಲ ಎಂಬುದನ್ನು ಪೋಷಕರು, ಮಗು ಮತ್ತು ಚಿಕಿತ್ಸಕರು ಆರಂಭದಲ್ಲಿಯೇ ಒಟ್ಟಿಗೆ ಕುಳಿತು ನಿರ್ಧರಿಸಿಕೊಳ್ಳುವುದು ಒಳ್ಳೆಯದು.

6. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪತಿ ಅಥವಾ ಪತ್ನಿ ಕೇಳಿದಲ್ಲಿ ಮಾಹಿತಿ ನೀಡಬಹುದೇ?
ಉತ್ತರ: ವೈವಾಹಿಕ ಸಂಬಂಧವೊಂದರಿಂದಲೇ ಇಂತಹ ಹಕ್ಕು ಉಂಟಾಗುವುದಿಲ್ಲ. ಸಂಬಂಧಪಟ್ಟ ವ್ಯಕ್ತಿಯ ಸಮ್ಮತಿ ಅಥವಾ ಮೇಲ್ಕಂಡ ವಿನಾಯಿತಿಗಳಲ್ಲಿ ಒಂದು ಇರಬೇಕು. ದಂಪತಿಗಳು ಜೊತೆಯಾಗಿ ಸಮಾಲೋಚನೆಗೆ ಬಂದಾಗ ದಾಖಲೆ ಯಾರಿಗೆ ಸೇರಿದ್ದು, ಒಬ್ಬರೇ ಹೇಳಿದ ಮಾತನ್ನು ಇನ್ನೊಬ್ಬರಿಗೆ ತಿಳಿಸಲಾಗುವುದೇ ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಸೂಕ್ತ.

ಪ್ರಶ್ನೆ: ವಿಚ್ಛೇದನ ಮೊಕದ್ದಮೆಯಲ್ಲಿ ನ್ಯಾಯಾಲಯವು ದಾಖಲೆಗಳನ್ನು ಕರೆಸಬಹುದೇ?
ಉತ್ತರ: ಕರೆಸಬಹುದು. ವಕೀಲರು ಮತ್ತು ಕಕ್ಷಿದಾರರ ನಡುವಿನ ಸಂವಹನಕ್ಕೆ ಸಾಕ್ಷ್ಯ ಕಾನೂನಿನಲ್ಲಿ ಇರುವಂತಹ ರಕ್ಷಣೆ ಚಿಕಿತ್ಸಕರಿಗೆ ಇರುವುದಿಲ್ಲ. ಆದರೆ ಎದುರು ಪಕ್ಷದ ವಕೀಲರ ಪತ್ರವು ನ್ಯಾಯಾಲಯದ ಆದೇಶವಲ್ಲ. ಕೇವಲ ಅಂತಹ ಪತ್ರದ ಆಧಾರದ ಮೇಲೆ ದಾಖಲೆ ನೀಡುವಂತಿಲ್ಲ.

ಪ್ರಶ್ನೆ: ಉದ್ಯೋಗದಾತ ಸಂಸ್ಥೆಯೇ ಶುಲ್ಕ ಭರಿಸುತ್ತಿದ್ದಲ್ಲಿ?
ಉತ್ತರ: ಶುಲ್ಕ ಭರಿಸಿದ ಮಾತ್ರಕ್ಕೆ ಸಮಾಲೋಚನೆಯ ವಿವರ ತಿಳಿಯುವ ಹಕ್ಕು ಸಂಸ್ಥೆಗೆ ದೊರೆಯುವುದಿಲ್ಲ. ಹೆಸರಿನೊಡನೆ ಪಟ್ಟಿ ಕಳುಹಿಸಲಾಗುತ್ತದೆಯೇ ಅಥವಾ ಒಟ್ಟು ಭೇಟಿಗಳ ಸಂಖ್ಯೆಯನ್ನು ಮಾತ್ರ ತಿಳಿಸಲಾಗುತ್ತದೆಯೇ ಎಂಬುದನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ವಿಮಾ ಕಂಪನಿಗೆ ಮಾಹಿತಿ ಹೋಗುತ್ತದೆಯೇ?
ಉತ್ತರ: ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಅಸ್ವಸ್ಥತೆಯ ಚಿಕಿತ್ಸೆಗೂ ವಿಮೆ ಒದಗಿಸಬೇಕೆಂದು 2017ರ ಅಧಿನಿಯಮದ 21ನೇ ಪ್ರಕರಣ ತಿಳಿಸುತ್ತದೆ. ವಿಮಾ ಪರಿಹಾರ ಕೋರಿದಲ್ಲಿ ರೋಗನಿರ್ಣಯ ಮತ್ತು ಬಿಲ್ಲಿನ ವಿವರ ನೀಡಬೇಕಾಗುತ್ತದೆ. ಪ್ರತಿ ಭೇಟಿಯ ಟಿಪ್ಪಣಿಗಳನ್ನೂ ಕೇಳಿದಲ್ಲಿ ಅವು ಏಕೆ ಅವಶ್ಯವೆಂದು ಲಿಖಿತವಾಗಿ ಪ್ರಶ್ನಿಸಬಹುದು.

7. ತಮ್ಮ ದಾಖಲೆಗಳನ್ನು ಪಡೆಯುವ ವಿಧಾನ

ಮಾನಸಿಕ ಅಸ್ವಸ್ಥತೆಯುಳ್ಳ ವ್ಯಕ್ತಿಯು ತನ್ನ ಮೂಲ ವೈದ್ಯಕೀಯ ದಾಖಲೆಗಳನ್ನು ಪಡೆಯಲು 25ನೇ ಪ್ರಕರಣದನ್ವಯ ಹಕ್ಕುಳ್ಳವನಾಗಿರುತ್ತಾನೆ. 2018ರ ನಿಯಮಗಳಂತೆ ನಮೂನೆ-ಎ ಯಲ್ಲಿ ಅರ್ಜಿ ಸಲ್ಲಿಸಿದ 15 ದಿನಗಳೊಳಗಾಗಿ ದಾಖಲೆ ನೀಡತಕ್ಕದ್ದು. ತೀವ್ರ ಮಾನಸಿಕ ಹಾನಿ ಅಥವಾ ಇತರರಿಗೆ ಹಾನಿಯ ಸಂಭವವಿದ್ದಲ್ಲಿ ನಿರ್ದಿಷ್ಟ ಭಾಗವನ್ನು ತಡೆಹಿಡಿಯಬಹುದು. ಹಾಗೆ ತಡೆಹಿಡಿದಾಗ, ಅದರ ಬಿಡುಗಡೆಗಾಗಿ ಪರಿಶೀಲನಾ ಮಂಡಳಿಗೆ ಅರ್ಜಿ ಸಲ್ಲಿಸುವ ಹಕ್ಕಿದೆ ಎಂಬುದನ್ನು ಅರ್ಜಿದಾರರಿಗೆ ತಿಳಿಸಬೇಕು.

ಚಿಕಿತ್ಸೆ ನೀಡುವವರು ಮನೋವೈದ್ಯರಾಗಿದ್ದಲ್ಲಿ, ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ವಿನಿಯಮಗಳೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ಒಳರೋಗಿಗಳ ವೈದ್ಯಕೀಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನಾಂಕದಿಂದ 3 ವರ್ಷ ಕಾಯ್ದಿರಿಸಬೇಕು ಮತ್ತು ಕೋರಿಕೆ ಬಂದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕು. ಹೊರರೋಗಿಗಳ ಹಾಗೂ ಆಪ್ತಸಮಾಲೋಚಕರ ದಾಖಲೆಗಳನ್ನು ಎಷ್ಟು ಕಾಲ ಇಡಲಾಗುತ್ತದೆ, ನಂತರ ಹೇಗೆ ನಾಶಪಡಿಸಲಾಗುತ್ತದೆ, ಕೇಂದ್ರವು ಮುಚ್ಚಿದಲ್ಲಿ ಯಾರ ವಶಕ್ಕೆ ಹೋಗುತ್ತವೆ ಎಂಬುದನ್ನು ಕೇಳಿ ತಿಳಿದುಕೊಳ್ಳುವುದು ಒಳಿತು.

8. ಮೊದಲ ಭೇಟಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು

* ಚಿಕಿತ್ಸಕರ ವಿದ್ಯಾರ್ಹತೆ ಮತ್ತು ನೋಂದಣಿ. ಮನೋವೈದ್ಯರು ವೈದ್ಯಕೀಯ ಪರಿಷತ್ತಿನಲ್ಲಿ, ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಹೊಂದಿರುತ್ತಾರೆ.
* ಟಿಪ್ಪಣಿಗಳು ಕಾಗದದಲ್ಲಿದ್ದಲ್ಲಿ ಬೀಗವಿರುವ ಕಪಾಟಿನಲ್ಲಿವೆಯೇ, ಗಣಕಯಂತ್ರದಲ್ಲಿದ್ದಲ್ಲಿ ಗುಪ್ತಪದದ ರಕ್ಷಣೆ ಇದೆಯೇ.
* ಸ್ವಾಗತಕಾರರು, ಲೆಕ್ಕಿಗರು ಮೊದಲಾದ ಸಿಬ್ಬಂದಿಗೆ ಯಾವ ದಾಖಲೆಗಳು ಲಭ್ಯವಿವೆ.
* ಆನ್‌ಲೈನ್ ಸಮಾಲೋಚನೆಯಲ್ಲಿ ಎರಡೂ ಕಡೆ ಬೇರೆಯವರಿಗೆ ಕೇಳಿಸದಂತಹ ಸ್ಥಳವಿದೆಯೇ, ಮುದ್ರಣ ಮಾಡಲಾಗುತ್ತಿದೆಯೇ.
* ಒಳಗೆ ನಡೆಯುವ ಮಾತು ಹೊರಗೆ ಕಾದು ಕುಳಿತವರಿಗೆ ಕೇಳಿಸುತ್ತಿದೆಯೇ.

9. ದೂರು ಸಲ್ಲಿಸುವ ಕ್ರಮ

ಗೋಪ್ಯತೆಗೆ ಭಂಗವಾಗಿದೆಯೆಂದು ಕಂಡುಬಂದಲ್ಲಿ ಮೊದಲು ಕೇಂದ್ರದ ಮುಖ್ಯಸ್ಥರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. 2017ರ ಅಧಿನಿಯಮದನ್ವಯ ಹಕ್ಕುಗಳು ಉಲ್ಲಂಘನೆಯಾದಲ್ಲಿ, ಬಾಧಿತ ವ್ಯಕ್ತಿಯು ಅಥವಾ ನಾಮನಿರ್ದೇಶಿತ ಪ್ರತಿನಿಧಿಯು 77ನೇ ಪ್ರಕರಣದಡಿ ಪರಿಶೀಲನಾ ಮಂಡಳಿಗೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಯಾವುದೇ ಶುಲ್ಕವಿರುವುದಿಲ್ಲ. ಅಧಿನಿಯಮದ ಉಲ್ಲಂಘನೆ ಸಾಬೀತಾದಲ್ಲಿ ಮೊದಲ ಬಾರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ವೈದ್ಯರ ನಡವಳಿಕೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ, ಸೇವಾ ನ್ಯೂನತೆಯ ಬಗ್ಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ನೀಡಬಹುದು. ದೂರಿನೊಡನೆ ಸಮ್ಮತಿ ಪತ್ರದ ಪ್ರತಿ, ರಸೀದಿಗಳು, ಸಂದೇಶಗಳ ಪ್ರತಿ ಹಾಗೂ ದಿನಾಂಕವಾರು ವಿವರಗಳನ್ನು ಲಗತ್ತಿಸುವುದು.

ಹೆಸರು ಹೇಳಿಕೊಳ್ಳಲು ಇಚ್ಛಿಸದವರು ಅಥವಾ ಖಾಸಗಿ ಕೇಂದ್ರದ ಶುಲ್ಕ ಭರಿಸಲಾಗದವರು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ಸೇವೆಯ ರಾಷ್ಟ್ರೀಯ ಶೃಂಗ ಕೇಂದ್ರವಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದಾಗಿದೆ. ಗೋಪ್ಯತೆಯ ಬಗೆಗಿನ ಸಂದೇಹದಿಂದಾಗಿ ಚಿಕಿತ್ಸೆಯನ್ನು ಮುಂದೂಡದೆ, ಸಂದೇಹವನ್ನೇ ಮೊದಲ ಭೇಟಿಯ ಮೊದಲ ಪ್ರಶ್ನೆಯಾಗಿ ಕೇಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.