ಶಾಸನದೇವತೆಯಿಂದ ಏನನ್ನು ಬೇಡಬಹುದು?

ಹೊಂಬುಜದ ಪದ್ಮಾವತಿ, ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿ, ಶ್ರವಣಬೆಳಗೊಳದ ಕೂಷ್ಮಾಂಡಿನಿ – ಈ ಮೂವರು ಯಕ್ಷಿಯರಲ್ಲಿ ಒಬ್ಬರಿಗಾದರೂ ತಲೆಮಾರುಗಳಿಂದ ನಡೆದುಕೊಂಡು ಬಂದ ಕುಟುಂಬಗಳು ನಮ್ಮಲ್ಲಿ ಬಹಳ. ಜೈನರಷ್ಟೇ ಅಲ್ಲ, ಇತರ ಭಕ್ತರೂ ಹರಕೆ ಹೊತ್ತು ಈ ಸನ್ನಿಧಿಗಳಿಗೆ ಬರುತ್ತಾರೆ. ವಿವಾಹ, ಸಂತಾನ, ಉದ್ಯೋಗ, ರೋಗಶಮನ, ವ್ಯಾಜ್ಯ – ಬೇಡಿಕೆಗಳ ಪಟ್ಟಿ ಎಲ್ಲ ಊರುಗಳಲ್ಲಿಯೂ ಒಂದೇ. ಆದರೆ ಬೇಡುವ ಮುನ್ನ ಈ ದೇವತೆಗಳ ಸಾಮರ್ಥ್ಯ ಎಲ್ಲಿಯವರೆಗೆ ಎಂಬುದನ್ನು ನಮ್ಮ ಶಾಸ್ತ್ರಗಳು ಹೇಳಿವೆ ಎಂಬ ಅರಿವು ಅನೇಕರಿಗಿಲ್ಲ. ಅರಿವಿಲ್ಲದ ನಿರೀಕ್ಷೆ ಈಡೇರದಿದ್ದಾಗ ಭಕ್ತಿಯೂ ಕೆಡುತ್ತದೆ, ಬದುಕೂ ಕೆಡುತ್ತದೆ.

ಇಪ್ಪತ್ನಾಲ್ಕು ತೀರ್ಥಂಕರರಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಯಕ್ಷ ಮತ್ತು ಒಬ್ಬ ಯಕ್ಷಿ ಶಾಸನದೇವತೆಗಳಾಗಿ ಇದ್ದಾರೆ. ಜಿನಶಾಸನವನ್ನು ಕಾಯುವುದು, ಧರ್ಮಮಾರ್ಗದಲ್ಲಿ ನಡೆಯುವವರಿಗೆ ನೆರವಾಗುವುದು ಇವರ ಕಾರ್ಯ. ಇವರು ಜಿನರಲ್ಲ, ನಮ್ಮಂತೆಯೇ ಸಂಸಾರಿ ಜೀವಗಳು. ಆಯುಷ್ಯ ದೀರ್ಘವಾದರೂ ಅದಕ್ಕೆ ಕೊನೆಯುಂಟು. ಇವರ ಅವಧಿಜ್ಞಾನಕ್ಕೆ ಮಿತಿಯುಂಟು. ಎಲ್ಲಕ್ಕಿಂತ ಮುಖ್ಯವಾಗಿ, ದೇವಗತಿಯಲ್ಲಿ ವ್ರತವಿಲ್ಲ. ಯಾವ ದೇವನೂ ದೇವಿಯೂ ಒಂದು ದಿನದ ಉಪವಾಸವ್ರತವನ್ನೂ ಕೈಗೊಳ್ಳಲಾರರು. ಆದ್ದರಿಂದ ದೇವತೆಗಳು ಏರಬಹುದಾದ ಗರಿಷ್ಠ ಮೆಟ್ಟಿಲು ನಾಲ್ಕನೆಯ ಗುಣಸ್ಥಾನ. ಸಮ್ಯಗ್ದೃಷ್ಟಿಯಿಂದ ಅಣುವ್ರತಗಳನ್ನು ಸ್ವೀಕರಿಸಿದ ಗೃಹಸ್ಥ ನಿಲ್ಲುವುದು ಐದನೆಯದರಲ್ಲಿ. ಸೀರೆ ಉಡಿಸಿ, ಅರಿಶಿನ ಕುಂಕುಮ ಒಪ್ಪಿಸಿ ನಾವು ಯಾರ ಮುಂದೆ ಕೈಮುಗಿಯುತ್ತೇವೆಯೋ ಆ ದೇವಿಗೆ ಸಾಧ್ಯವಿಲ್ಲದ ಒಂದು ಕಾರ್ಯ ನಮಗೆ ಸಾಧ್ಯವಿದೆ. ತರಗತಿಯಲ್ಲಿ ಈ ಮಾತನ್ನು ಹೇಳಿದಾಗಲೆಲ್ಲ ಮಕ್ಕಳು ನಂಬದೆ ನನ್ನ ಮುಖ ನೋಡುತ್ತಿದ್ದರು. ದೊಡ್ಡವರೂ ಹಾಗೆಯೇ ನೋಡುತ್ತಾರೆ.

ಹಾಗಾದರೆ ದೇವತೆಯ ನೆರವು ಎಂಬುದು ಸುಳ್ಳೇ? ಅಲ್ಲ. ಪಾರ್ಶ್ವನಾಥರ ಚರಿತೆಯನ್ನೇ ನೋಡೋಣ. ರಾಜಕುಮಾರ ಪಾರ್ಶ್ವ, ತಾಪಸನ ಅಗ್ನಿಯಲ್ಲಿ ಉರಿಯಲಿದ್ದ ಕೊರಡಿನೊಳಗೆ ಸರ್ಪದ ಜೋಡಿಯೊಂದು ಇರುವುದನ್ನು ತನ್ನ ಜ್ಞಾನದಿಂದ ಅರಿತ. ಸಾಯುತ್ತಿದ್ದ ಆ ಜೀವಗಳಿಗೆ ಧರ್ಮದ ಮಾತನ್ನು ಕೇಳಿಸಿದ. ಅವೇ ಧರಣೇಂದ್ರ ಮತ್ತು ಪದ್ಮಾವತಿಯರಾಗಿ ಹುಟ್ಟಿದವು. ಮುಂದೆ ಮುನಿಯಾಗಿ ಧ್ಯಾನಸ್ಥನಾಗಿದ್ದ ಪಾರ್ಶ್ವನ ಮೇಲೆ ಕಮಠನ ಜೀವ ವೈರದಿಂದ ಬಿರುಮಳೆಯನ್ನೂ ಬಂಡೆಗಳನ್ನೂ ಸುರಿಸಿದಾಗ ಧರಣೇಂದ್ರ ಹೆಡೆಯೆತ್ತಿ ನಿಂತ, ಪದ್ಮಾವತಿ ಛತ್ರ ಹಿಡಿದಳು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಇದರ ಮುಂದಿನದು ಗಮನಿಸಬೇಕಾದದ್ದು. ಆ ದಂಪತಿಗಳು ತಡೆದದ್ದು ಮಳೆಯನ್ನು ಮಾತ್ರ. ಘಾತಿಕರ್ಮಗಳನ್ನು ಕ್ಷಯಗೊಳಿಸಿ ಕೇವಲಜ್ಞಾನವನ್ನು ಪಡೆದದ್ದು ಪಾರ್ಶ್ವನ ಸ್ವಂತ ಧ್ಯಾನ. ಅವನು ಅವರನ್ನು ಕರೆಯಲಿಲ್ಲ, ಬಂದದ್ದಕ್ಕೆ ಹಿಗ್ಗಲಿಲ್ಲ, ಕಲ್ಲೆಸೆದವನನ್ನು ದ್ವೇಷಿಸಲೂ ಇಲ್ಲ.

ಶ್ರವಣಬೆಳಗೊಳದ ಸ್ಥಳಪುರಾಣವೂ ಇದನ್ನೇ ಹೇಳುತ್ತದೆ. ತಾಯಿ ಕಾಳಲಾದೇವಿಗೆ ಪೌದನಪುರದ ಬಾಹುಬಲಿಯ ದರ್ಶನ ಮಾಡಿಸಲು ಹೊರಟ ಚಾವುಂಡರಾಯನಿಗೆ ಕೂಷ್ಮಾಂಡಿನಿ ಕನಸಿನಲ್ಲಿ ಬಂದು, ಅಲ್ಲಿಗೆ ಹೋಗುವುದು ಅಸಾಧ್ಯ, ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟದ ಕಡೆಗೆ ಬಾಣ ಬಿಡು ಎಂದಳಂತೆ. ದೇವಿ ತೋರಿದ್ದು ದಿಕ್ಕು. ಬಾಣ ಬಿಟ್ಟವನು ಚಾವುಂಡರಾಯ. 58 ಅಡಿಯ ವಿಗ್ರಹವನ್ನು ಕಡೆದವರು ಉಳಿ ಹಿಡಿದ ಶಿಲ್ಪಿಗಳು. ಕೊನೆಗೆ ಅಭಿಷೇಕದ ದಿನ, ಕೊಡಗಟ್ಟಲೆ ಹಾಲು ಸುರಿದರೂ ಮೂರ್ತಿಯ ಪಾದದವರೆಗೆ ಇಳಿಯದಿದ್ದಾಗ, ಗುಳ್ಳಕಾಯಿಯಲ್ಲಿ ತುಸುವೇ ಹಾಲು ತಂದ ಮುದುಕಿಯಾಗಿ ಬಂದವಳೂ ಅವಳೇ ಎನ್ನುತ್ತಾರೆ. ಮೊದಲು ದಾರಿ ತೋರಿದ ದೇವಿ ಕಡೆಯಲ್ಲಿ ಮಂತ್ರಿಯ ಗರ್ವವನ್ನು ಮುರಿದಳು. ಇಂಥ ನೆರವನ್ನು ಯಾರೂ ಹರಕೆ ಹೊತ್ತು ಬೇಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಸತ್ಯವನ್ನೂ ಒಪ್ಪಬೇಕು. ಕಾಮ್ಯ ಆರಾಧನೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಇಂದ್ರನಂದಿಯ ‘ಜ್ವಾಲಾಮಾಲಿನೀ ಕಲ್ಪ’ 939ರಲ್ಲಿ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಮಳಖೇಡದಲ್ಲಿ ರಚಿತವಾಯಿತು. ಮಲ್ಲಿಷೇಣನ ‘ಭೈರವ ಪದ್ಮಾವತೀ ಕಲ್ಪ’ ಹನ್ನೊಂದನೆಯ ಶತಮಾನದ್ದು. ಗ್ರಹಬಾಧೆ, ವಶ್ಯ, ಸ್ತಂಭನ ಮೊದಲಾದ ವಿಧಿಗಳು ಈ ಪರಂಪರೆಯಲ್ಲಿವೆ. ಆದರೆ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ, ವರದ ಆಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಉಪಾಸಿಸುವುದನ್ನು ದೇವಮೂಢತೆ ಎಂದು ಸ್ಪಷ್ಟವಾಗಿ ಕರೆದಿದ್ದಾರೆ. ಉತ್ತರದ ತೇರಾಪಂಥದವರು ಶಾಸನದೇವತೆಗಳ ಪೂಜೆಯನ್ನೇ ಒಪ್ಪುವುದಿಲ್ಲ; ನಮ್ಮ ಭಟ್ಟಾರಕ ಪರಂಪರೆ ಒಪ್ಪುತ್ತದೆ. ನಾನು ನಮ್ಮ ಪರಂಪರೆಯವನು. ಸಾಧರ್ಮಿಗಳೆಂದು, ಶಾಸನರಕ್ಷಕರೆಂದು ಇವರನ್ನು ಗೌರವಿಸುವುದು ಸರಿಯೆಂದೇ ನನ್ನ ಭಾವನೆ. ಜಿನನಿಗೆ ಸಮನಾಗಿಯೋ ಅವನಿಗಿಂತ ಮಿಗಿಲಾಗಿಯೋ ಕಾಣತೊಡಗಿದಾಗ ತೊಡಕು ಆರಂಭವಾಗುತ್ತದೆ. ಯಕ್ಷಿಯ ಮುಂದೆ ಅರ್ಧ ಗಂಟೆ ನಿಂತು, ತೀರ್ಥಂಕರರ ಮುಂದೆ ಅರ್ಧ ನಿಮಿಷವೂ ನಿಲ್ಲದವರನ್ನು ನಾವು ಕಾಣುತ್ತಿಲ್ಲವೇ? ಪದ್ಮಾವತಿಯ ತಲೆಯ ಮೇಲೆಯೇ ಶಿಲ್ಪಿ ಪಾರ್ಶ್ವನಾಥರ ಪುಟ್ಟ ಬಿಂಬವನ್ನು ಕಡೆದಿರುತ್ತಾನೆ. ಹೂವಿನ ಅಲಂಕಾರ ಹೆಚ್ಚಾದಾಗ ಅದು ಮುಚ್ಚಿಹೋಗುತ್ತದೆ.

ಹೂವಿನ ಪ್ರಸಾದ ಕೇಳುವ ರೂಢಿ ಹಲವು ಸನ್ನಿಧಿಗಳಲ್ಲಿದೆ. ಬಲಗಡೆಯ ಹೂ ಉದುರಿದರೆ ಅನುಮತಿ ಎಂಬ ನಂಬಿಕೆ. ಮಗಳ ಸಂಬಂಧ ಕುದುರಿಸಲು ಹೊರಟ ಪರಿಚಿತರೊಬ್ಬರು ಬಲಗಡೆಯ ಹೂ ಬೀಳುವವರೆಗೆ ಮೂರು ಬಾರಿ ಕೇಳಿದರು. ಇದು ಅಪ್ಪಣೆ ಕೇಳುವುದಲ್ಲ, ದೇವಿಯನ್ನು ಒಪ್ಪಿಸುವುದು! ಅದನ್ನು ನಕ್ಕು ಮರೆಯಬಹುದು. ಇನ್ನೊಂದು ಮನೆಯ ಸಂಗತಿ ನಗುವಂಥದ್ದಲ್ಲ. ಆ ಮನೆಯ ಯಜಮಾನರಿಗೆ ಗಡ್ಡೆಯೊಂದನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕೆಂದು ವೈದ್ಯರು ಹೇಳಿದ್ದರು. ಹೂ ಬೀಳಲಿಲ್ಲವೆಂದು ಎರಡು ತಿಂಗಳು ಕಾದರು. ಮೈಮೇಲೆ ದೇವಿ ಬರುತ್ತಾಳೆಂದು ಹೇಳಿಕೊಳ್ಳುವವರೊಬ್ಬರು ಆ ನಡುವೆ ಕಾಣಿಕೆ ಪಡೆದು ಅಭಯ ಕೊಟ್ಟರು. ಚಿಕಿತ್ಸೆಗೆ ಒಪ್ಪುವ ಹೊತ್ತಿಗೆ ಕಾಲ ಮೀರಿತ್ತು. ಅವರು ತೀರಿಕೊಂಡ ಮೇಲೆ ಆ ತಾಯಿ ದೇವಿಯ ಪಟವನ್ನು ಗೋಡೆಯಿಂದ ಇಳಿಸಿ ಅಟ್ಟಕ್ಕೆ ಹಾಕಿಸಿದರು. ತಾವು ಮಾತು ಕೊಟ್ಟಿರದ ದೇವಿ ಮಾತು ತಪ್ಪಿದವಳಾದಳು.

ಕರ್ಮಸಿದ್ಧಾಂತ ಇಲ್ಲಿ ನಿಷ್ಠುರವೂ ಹೌದು, ಸಾಂತ್ವನವೂ ಹೌದು. ಅಸಾತಾವೇದನೀಯ ಕರ್ಮ ಉದಯಕ್ಕೆ ಬಂದಾಗ ಅದನ್ನು ಅಳಿಸಿಹಾಕುವ ಅಧಿಕಾರ ಯಾವ ದೇವತೆಗೂ ಇಲ್ಲ. ದೇವತೆ ನಿಮಿತ್ತವಾಗಬಹುದು. ವೈದ್ಯನೂ ನಿಮಿತ್ತ, ಔಷಧವೂ ನಿಮಿತ್ತ, ಹೊತ್ತಿಗೆ ಸರಿಯಾಗಿ ಬುದ್ಧಿ ಹೇಳುವ ನೆರೆಯವನೂ ನಿಮಿತ್ತ. ಒಂದು ನಿಮಿತ್ತಕ್ಕಾಗಿ ಉಳಿದವನ್ನು ದೂರ ತಳ್ಳಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ನಮ್ಮ ಪರಿಣಾಮಗಳು ಶುದ್ಧವಾದಂತೆ ಕರ್ಮದ ಸ್ಥಿತಿ, ತೀವ್ರತೆಗಳು ಕುಗ್ಗಬಲ್ಲವು. ಆದರೆ ಆ ಶುದ್ಧಿ ಆಗಬೇಕಾದದ್ದು ನಮ್ಮೊಳಗೆ. ಹಾಗೆಯೇ ಮುಂದಿನ ಭೋಗಕ್ಕಾಗಿ ಹಂಬಲಿಸುವುದನ್ನು ತತ್ತ್ವಾರ್ಥಸೂತ್ರವು ನಿದಾನವೆಂದು ಕರೆದು ಆರ್ತಧ್ಯಾನದಲ್ಲಿ ಸೇರಿಸಿದೆ. ಬಸದಿಯಲ್ಲಿ ಕುಳಿತು ಮಾಡಿದ ಮಾತ್ರಕ್ಕೆ ಅದು ಧರ್ಮಧ್ಯಾನವಾಗುವುದಿಲ್ಲ.

ಹಾಗಾದರೆ ಹರಕೆಯೇ ಬೇಡವೇ ಎಂದು ಓದುಗರು ಕೇಳಬಹುದು. ಹರಕೆಯ ರೂಪವನ್ನು ಬದಲಿಸಿಕೊಳ್ಳಿ ಎನ್ನುತ್ತೇನೆ. ‘ಕೆಲಸವಾದರೆ ಸೀರೆ ಕೊಡುತ್ತೇನೆ’ ಎಂಬುದು ವ್ಯಾಪಾರ. ‘ಈ ನಾಲ್ಕು ತಿಂಗಳು ರಾತ್ರಿಭೋಜನ ಬಿಡುತ್ತೇನೆ, ಅಷ್ಟಮಿ ಚತುರ್ದಶಿಗಳಂದು ಒಂದೇ ಹೊತ್ತು ಉಣ್ಣುತ್ತೇನೆ, ನನ್ನ ನಿಯಮಕ್ಕೆ ನೀನು ಸಾಕ್ಷಿಯಾಗಿರು’ ಎಂದರೆ ದೇವಿ ನಿಜಕ್ಕೂ ಕೊಡಬಲ್ಲದ್ದನ್ನು ಕೇಳಿದಂತಾಯಿತು. ಮೊದಲು ಜಿನದರ್ಶನ, ಆಮೇಲೆ ಯಕ್ಷಿಯ ದರ್ಶನ. ಹೊಂಬುಜದಲ್ಲಿ ಪಾರ್ಶ್ವನಾಥ ಬಸದಿ ಪಕ್ಕದಲ್ಲಿಯೇ ಇದೆ, ಹೆಚ್ಚು ನಡೆಯಬೇಕಾಗಿಲ್ಲ.

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಸಮಯದಲ್ಲಿ ಪ್ರವೇಶಪತ್ರವನ್ನು ದೇವಿಯ ಪಾದದಲ್ಲಿಟ್ಟು ತರುವ ಮಕ್ಕಳು ನನ್ನ ಶಾಲೆಯಲ್ಲಿ ಪ್ರತಿವರ್ಷ ಇದ್ದರು. ಬೇಡವೆಂದು ಎಂದೂ ಹೇಳಲಿಲ್ಲ. ಪಾದಕ್ಕೆ ಮುಟ್ಟಿಸಿ ತಂದ ಸಂಜೆ ಗಣಿತದ ಯಾವ ಅಧ್ಯಾಯ ಓದಿದೆ ಎಂದಷ್ಟೇ ಕೇಳುತ್ತಿದ್ದೆ.