ನಾಲ್ಕು ತಾಲೀಮು, ಒಂದು ಒಲೆ

ಬೀದರಿನ ಹಳೆಯ ಪೇಟೆಯ ನಟ್ಟನಡುವೆ ಚೌಬಾರ ಎಂಬ ದುಂಡನೆಯ ಕಾವಲು ಗೋಪುರವಿದೆ. 71 ಅಡಿ ಎತ್ತರದ ಈ ಗೋಪುರದ ಸುತ್ತ ಹಬ್ಬಿದ ಊರಿನಲ್ಲಿ ನೂರಖಾನ್ ತಾಲೀಮು, ಮನಿಯಾರ್ ತಾಲೀಮು, ಪನ್ಸಾಲ್ ತಾಲೀಮು, ಸಿದ್ದಿಕ್ ಷಾ ತಾಲೀಮು ಎಂಬ ಹೆಸರುಗಳು ಕೇಳಿಬರುತ್ತವೆ. ಹೊರಗಿನಿಂದ ಬಂದವರು ಇವನ್ನು ಬರಿಯ ಓಣಿಯ ಹೆಸರುಗಳೆಂದು ತಿಳಿಯುವುದುಂಟು. ಆದರೆ ತಾಲೀಮು ಎಂದರೆ ಗರಡಿಮನೆ. ನಿಜಾಮ ಸರಕಾರದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಇತಿಹಾಸ ಗ್ರಂಥದಲ್ಲಿ ಕೋಟೆ, ಮದರಸಾ, ಗುಮ್ಮಟಗಳ ಜೊತೆಗೆ ಈ ತಾಲೀಮುಗಳಿಗೂ ಜಾಗ ಕೊಟ್ಟಿದ್ದಾರೆ. ಒಂದು ಊರು ತನ್ನ ಮೊಹಲ್ಲಾಗಳನ್ನು ಗರಡಿಯ ಹೆಸರಿನಿಂದ ಗುರುತಿಸಿಕೊಂಡಿತೆಂದರೆ, ಮೈ ಬಲಪಡಿಸುವ ಕೆಲಸ ಅಲ್ಲಿ ಒಬ್ಬೊಬ್ಬರ ಖಾಸಗಿ ಸಂಗತಿಯಾಗಿರಲಿಲ್ಲ, ಓಣಿಯ ಮರ್ಯಾದೆಯ ವಿಷಯವಾಗಿತ್ತು ಎಂದೇ ಅರ್ಥ.

ಇಂದು ಅದೇ ಬೀದರಿನಲ್ಲಿ, ಭಾಲ್ಕಿಯಲ್ಲಿ, ಔರಾದಿನಲ್ಲಿ ಯಾವ ಮನೆಗೆ ಹೋದರೂ ‘ಸಕ್ಕರಿ’ಯ ಮಾತು ಬರುತ್ತದೆ. ಚಹಾಕ್ಕೆ ಹಾಕುವ ಸಕ್ಕರೆಯಲ್ಲ, ರಕ್ತದಲ್ಲಿರುವ ಸಕ್ಕರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಹೊರಬಂದಾಗ, ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ ಎಂದೂ ಆ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ ಎಂದೂ ತಿಳಿಯಿತು. ವೈದ್ಯರು ಚೀಟಿ ಬರೆಯುವುದು ಒಬ್ಬ ರೋಗಿಗೆ. ಆದರೆ ಆ ರೋಗಿಗೆ ಅಡುಗೆಯಾಗುವುದು ಮನೆಮಂದಿಗೆಲ್ಲ ಇರುವ ಒಂದೇ ಒಲೆಯ ಮೇಲೆ. ತೊಡಕು ಹುಟ್ಟುವುದೇ ಇಲ್ಲಿ. ಅಪ್ಪನಿಗೆ ಬೇರೆ ಪಲ್ಯ, ಮಕ್ಕಳಿಗೆ ಬೇರೆ ತಿಂಡಿ, ಅಜ್ಜಿಗೆ ಮೆತ್ತನ್ನ ಅನ್ನ ಎಂದು ಮೂರು ಬಗೆ ಮಾಡಲು ಯಾವ ಗೃಹಿಣಿಗೂ ಬಹಳ ದಿನ ಸಾಧ್ಯವಿಲ್ಲ. ಎರಡು ವಾರ ನಡೆದ ಪಥ್ಯ ಮೂರನೆಯ ವಾರ ಸದ್ದಿಲ್ಲದೆ ನಿಂತುಹೋಗುತ್ತದೆ. ಒಲೆ ಬದಲಾಗದೆ ಒಂದು ತಟ್ಟೆ ಮಾತ್ರ ಬದಲಾಗುವುದು ಕಷ್ಟ.

ಈ ಸೀಮೆಯ ಒಲೆ ಬದಲಾದದ್ದಾದರೂ ಹೇಗೆ? ಹಿಂದೆ ಇಲ್ಲಿ ಊಟವೆಂದರೆ ಜೋಳದ ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅನ್ನ ಹಬ್ಬಕ್ಕೆ, ಮದುವೆಗೆ, ಬೀಗರು ಬಂದಾಗ. ಹಾಗೆಂದು ಹಿಂದಿನದೆಲ್ಲ ಚಿನ್ನವೆನ್ನಲಾಗದು. ಹದಿನೈದನೆಯ ಶತಮಾನದಲ್ಲಿ ಬೀದರಿಗೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಇಲ್ಲಿಯ ಸರದಾರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಒಟ್ಟಿಗೇ ಬರೆದಿಟ್ಟಿದ್ದಾನೆ. ಕುದುರೆಗಳಿಗೆ ಕಾಳು, ಕಿಚಡಿ ತಿನ್ನಿಸುತ್ತಿದ್ದುದನ್ನು ಕಂಡು ಅವನಿಗೆ ಸೋಜಿಗವಾಗಿತ್ತು. 1972ರ ಬರವನ್ನು ಕಂಡ ಹಿರಿಯರು ರೇಷನ್ನಿನಲ್ಲಿ ಬಂದ ಅಮೆರಿಕದ ಕೆಂಪು ಜೋಳ ‘ಮೈಲೋ’ವನ್ನು ಇನ್ನೂ ಮರೆತಿಲ್ಲ. ಅಜ್ಜಂದಿರ ಮೈ ತೆಳ್ಳಗಿದ್ದುದಕ್ಕೆ ಅವರ ವಿವೇಕಕ್ಕಿಂತ ಹೊಟ್ಟೆಗಿಲ್ಲದ ದಿನಗಳೇ ಎಷ್ಟೋ ಬಾರಿ ಕಾರಣ. ಹೀಗೆ ಹಸಿದ ಸೀಮೆಗೆ ಅಗ್ಗದ ಅಕ್ಕಿ ಬಂದದ್ದು ದೊಡ್ಡ ಆಸರೆ. 2013ರ ಜುಲೈ 10ರಂದು ಅನ್ನಭಾಗ್ಯ ಯೋಜನೆ ಆರಂಭವಾದ ಮೇಲಂತೂ ಬಡವರ ಮನೆಯಲ್ಲೂ ದಿನದಿನವೂ ಅನ್ನವಾಯಿತು. ಹಸಿವು ಇಳಿಯಿತು, ಅದರ ಬೆನ್ನಿಗೇ ತಟ್ಟೆಯಲ್ಲಿ ರೊಟ್ಟಿಯ ಸಂಖ್ಯೆಯೂ ಇಳಿಯಿತು.

ಹೊಲದಲ್ಲಿಯೂ ಇದೇ ಕತೆ. ಜೋಳ, ಹೆಸರು, ಉದ್ದು ಬೆಳೆಯುತ್ತಿದ್ದ ಔರಾದ್–ಭಾಲ್ಕಿಯ ಕಪ್ಪು ಭೂಮಿಯಲ್ಲಿ ಈಗ ಮಳೆಗಾಲ ಬಂತೆಂದರೆ ಸೋಯಾ. ರಾಜ್ಯದಲ್ಲಿ ಸೋಯಾ ಬೆಳೆಯುವ ಜಿಲ್ಲೆಗಳಲ್ಲಿ ಬೀದರ್ ಮುಂಚೂಣಿಯಲ್ಲಿದೆ. ಸೋಯಾ ಎಣ್ಣೆ ಗಿರಣಿಗೆ ಹೋಗುತ್ತದೆ, ಮನೆಯ ಒಲೆಗೆ ಬರುವುದಿಲ್ಲ. ಬೆಳೆದದ್ದನ್ನು ಮಾರಿ, ಉಣ್ಣುವುದನ್ನು ಕೊಳ್ಳುವ ಸ್ಥಿತಿ ರೈತನಿಗೂ ಬಂದಿದೆ. ಬೀದರ್ ನಗರದ ಮಗ್ಗುಲಿನ ಕೊಳಾರದ ಕತೆ ಇನ್ನೊಂದು ಬಗೆಯದು. ಅಲ್ಲಿ ಕೈಗಾರಿಕಾ ಪ್ರದೇಶ ಬಂದು ಔಷಧಿ ಕಾರ್ಖಾನೆಗಳು ನಿಂತಿವೆ. ಪಾಳಿಯ ಮೇಲೆ ದುಡಿಯುವವನ ಊಟಕ್ಕೆ ಹೊತ್ತುಗೊತ್ತಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗುವ ಹೊತ್ತಿಗೆ ಮಕ್ಕಳು ಶಾಲೆಗೆ ಹೊರಟಿರುತ್ತಾರೆ. ಎಲ್ಲರೂ ಕೂಡಿ ಕೂತು ಉಣ್ಣುವ ಒಂದು ಹೊತ್ತನ್ನು ಹುಡುಕುವುದೇ ಇಂಥ ಮನೆಗಳ ಮೊದಲ ಸಮಸ್ಯೆ. ಹೊತ್ತು ಸಿಗದಿದ್ದಾಗ ಪೊಟ್ಟಣದ ಕುರುಕಲು, ಬಂಡಿಯ ಮಿರ್ಚಿ ಭಜಿ ಆ ಜಾಗವನ್ನು ತುಂಬುತ್ತವೆ.

ರೊಟ್ಟಿಗೂ ಅನ್ನಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ನಾರಿನಂಶ ಸುಮಾರು 10 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ. ಪ್ರೋಟೀನು ಜೋಳದಲ್ಲಿ 10 ಗ್ರಾಂ, ಅಕ್ಕಿಯಲ್ಲಿ 8. ಶಕ್ತಿಯ ಲೆಕ್ಕದಲ್ಲಿ ಎರಡಕ್ಕೂ ಅಂಥ ಅಂತರವಿಲ್ಲ. ಅಂದರೆ ಜೋಳ ‘ಕಡಿಮೆ’ ಆಹಾರವಲ್ಲ, ನಿಧಾನದ ಆಹಾರ. ನಾರು ಹೆಚ್ಚಿದ್ದರೆ ಪಿಷ್ಟ ಕರಗಿ ಸಕ್ಕರೆಯಾಗಿ ರಕ್ತ ಸೇರುವುದು ತಡವಾಗುತ್ತದೆ. ರೊಟ್ಟಿಯನ್ನು ಅಗಿಯಲೂ ಹೊತ್ತು ಬೇಕು. ಬೇಳೆ, ಸೊಪ್ಪಿನ ಜೊತೆ ಎರಡು ರೊಟ್ಟಿ ತಿಂದರೆ ಹೊಟ್ಟೆ ಸಾಕೆನ್ನುತ್ತದೆ. ಅದೇ ರೊಟ್ಟಿಯನ್ನು ಐದಾರು ತಿಂದು, ಮೇಲೆ ಅನ್ನವನ್ನೂ ಉಂಡರೆ ಜೋಳ ಯಾರನ್ನೂ ಕಾಯುವುದಿಲ್ಲ.

ಆದರೆ ರೊಟ್ಟಿ ಬಡಿಯುವುದು ಸುಲಭವೇ? ಗೋಧಿ ಹಿಟ್ಟಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಎಸರು ಹೊಯ್ದು, ನಾದಿ, ಅಂಗೈಯಲ್ಲಿ ತಟ್ಟಿ ಹಿಗ್ಗಿಸಬೇಕು. ಇದು ವರ್ಷಗಟ್ಟಲೆ ಕೈಗೂಡಬೇಕಾದ ವಿದ್ಯೆ. ರೊಟ್ಟಿ ಬಿಟ್ಟರಲ್ಲ ಎಂದು ಹೊಸ ಸೊಸೆಯರನ್ನು ದೂರುವ ಗಂಡಸರು ಒಂದು ಸಲ ಹಂಚಿನ ಮುಂದೆ ಕೂತು ನೋಡಬೇಕು. ತಾಲೀಮಿನ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಬೀಸುಕಲ್ಲು, ಒನಕೆ, ಬಾವಿಯ ಹಗ್ಗ ಇವೇ ಅವರ ತಾಲೀಮು. ಗಿರಣಿ, ಮಿಕ್ಸರು, ನಳ ಬಂದು ಆ ದಣಿವು ತಪ್ಪಿತು, ತಪ್ಪಬೇಕಾದದ್ದೇ. ಅದರ ಜಾಗದಲ್ಲಿ ಮೈಗೆ ಬೇರೆ ಚಲನೆ ಮಾತ್ರ ಬರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಉಳಿದದ್ದನ್ನು ಉಣ್ಣುವ ರೂಢಿ ಮಾತ್ರ ಉಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಕುಟುಂಬದ ಆರೋಗ್ಯದ ಮಾತಾಡುವವರು ಅಡುಗೆಯವಳ ತಟ್ಟೆಯಿಂದಲೇ ಆರಂಭಿಸುವುದು ಲೇಸು.

ತಾಲೀಮಿನ ದಂಡ, ಬಸ್ಕಿಗಳ ಮಹತ್ವವನ್ನು ಇಂದಿನ ಶರೀರಶಾಸ್ತ್ರ ಬೇರೆ ಮಾತಿನಲ್ಲಿ ಹೇಳುತ್ತದೆ. ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಕಣಜವೆಂದರೆ ಸ್ನಾಯು. ಅದರಲ್ಲಿಯೂ ತೊಡೆಯ ಸ್ನಾಯುಗಳು ದೊಡ್ಡವು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗಾಗಿ ಕಾಯದೆಯೂ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಬಲ್ಲದು. ಊಟವಾದ ಮೇಲೆ ಹತ್ತು–ಹದಿನೈದು ನಿಮಿಷ ನಡೆದರೂ ಸಕ್ಕರೆಯ ಏರಿಕೆ ತಗ್ಗುವುದು ಇದರಿಂದಲೇ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹಿರಿಯರಿಗೆ ವಾರಕ್ಕೆ 150ರಿಂದ 300 ನಿಮಿಷ, ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈಬಗ್ಗಿಸುವ ಚಟುವಟಿಕೆ ಬೇಕೆಂದು ಹೇಳಿತು. ಮಕ್ಕಳಿಗೆ ಅರವತ್ತು ನಿಮಿಷವನ್ನು ಉಪದೇಶದಿಂದ ಕೊಡಲಾಗದು, ಜೊತೆಗೆ ಹೋಗಬೇಕು. ಬೀದರಿನವರಿಗೆ ಕೋಟೆಯ ಬಯಲಿದೆ, ಪಾಪನಾಶದ ಕೆರೆದಂಡೆಯಿದೆ, ಅಷ್ಟೂರಿನ ಗುಮ್ಮಟಗಳ ದಾರಿಯಿದೆ. ಹಳ್ಳಿಯವರಿಗೆ ಹೊಲದ ದಾರಿಯೇ ಸಾಕು.

ಮನೆಗಳು ಒಟ್ಟಾಗಿ ಬದಲಾದರೆ ಏನಾಗಬಹುದೆಂಬುದಕ್ಕೆ ಫಿನ್ಲೆಂಡಿನ ಉತ್ತರ ಕರೇಲಿಯ ಒಳ್ಳೆಯ ಉದಾಹರಣೆ. ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಲುಸಾಲಾಗಿ ಸಾಯುತ್ತಿದ್ದ ಆ ಸೀಮೆಯಲ್ಲಿ 1972ರಲ್ಲಿ ಪೆಕ್ಕಾ ಪುಸ್ಕ ಎಂಬ ಯುವ ವೈದ್ಯರ ಮುಂದಾಳುತನದಲ್ಲಿ ಒಂದು ಯೋಜನೆ ಆರಂಭವಾಯಿತು. ಅವರು ಆಸ್ಪತ್ರೆಗಿಂತ ಹೆಚ್ಚಾಗಿ ಗೃಹಿಣಿಯರ ಸಂಘಗಳನ್ನು ನೆಚ್ಚಿದರು. ಬೆಣ್ಣೆ, ಉಪ್ಪು ಕಡಿಮೆ ಮಾಡಿ ತರಕಾರಿ ಹೆಚ್ಚಿಸಿದ ಅಡುಗೆಯನ್ನು ಹಳ್ಳಿಹಳ್ಳಿಯ ಕೂಟಗಳಲ್ಲಿ ಮಾಡಿ ಉಣಿಸಿದರು. ಹಾಲಿನ ವ್ಯಾಪಾರಕ್ಕೆ ಪೆಟ್ಟು ಬಿದ್ದಾಗ ರೈತರನ್ನು ಹಣ್ಣಿನ ಬೆಳೆಯ ಕಡೆಗೆ ತಿರುಗಿಸುವ ಯತ್ನವೂ ನಡೆಯಿತು. ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ನೂರಕ್ಕೆ 80ಕ್ಕಿಂತ ಹೆಚ್ಚು ಇಳಿಯಿತು.

ನಮ್ಮಲ್ಲಿ ಅಂಥ ಕೂಟ ಹೊಸದಾಗಿ ಕಟ್ಟಬೇಕಾಗಿಲ್ಲ, ಎಳ್ಳಮಾಸಿ ಇದೆ. ಡಿಸೆಂಬರ್–ಜನವರಿಯಲ್ಲಿ ಬರುವ ಆ ಅಮಾವಾಸ್ಯೆಯ ದಿನ ಬೀದರ್ ಸೀಮೆಯ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ದಂಟಿನ ಕೊಂಪೆ ಕಟ್ಟಿ ಪೂಜಿಸಿ, ಚರಗ ಚೆಲ್ಲಿ, ಗುರುತಿದ್ದವರನ್ನೂ ಇಲ್ಲದವರನ್ನೂ ಕರೆದು ಉಣಿಸುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಡಕೆಯ ಅಂಬಲಿ, ಇವುಗಳ ನಡುವೆ ರಾಜನಂತೆ ಭಜ್ಜಿ. ಇದು ಕರಿದ ಭಜಿಯಲ್ಲ. ಹಸಿ ತೊಗರಿ, ಅವರೆ, ಕಡಲೆ, ಶೇಂಗಾ, ಮೆಂತ್ಯೆ, ಹುಣಸೆ, ಇನ್ನೂ ಕೈಗೆ ಸಿಕ್ಕ ಸೊಪ್ಪು ತರಕಾರಿಯನ್ನೆಲ್ಲ ಒಟ್ಟಿಗೆ ಬೇಯಿಸಿದ್ದು. ಮನೆಯಿಂದ ಮನೆಗೆ ಪಾಕ ಬೇರೆ. ಭಜ್ಜಿಯ ಕಾಳು ಬಿಡಿಸುವ ಕೆಲಸಕ್ಕೆ ಹಿಂದಿನ ರಾತ್ರಿ ಗಂಡಸರು, ಮಕ್ಕಳು ಎಲ್ಲರೂ ಕೂಡುವುದು ಈ ಹಬ್ಬದ ಇನ್ನೊಂದು ಸೊಗಸು. ಅಮಾವಾಸ್ಯೆ ಮುಗಿದ ಮೇಲೂ ಹಲವು ವಾರ ಈ ಕಾಳು, ಸೊಪ್ಪು ಪೇಟೆಯಲ್ಲಿ ಸಿಗುತ್ತವೆ. ವಾರಕ್ಕೊಂದು ದಿನ ಮನೆಯಲ್ಲಿಯೇ ಭಜ್ಜಿಯಾಗಲು ಹೊಲವೂ ಬೇಡ, ಹಬ್ಬವೂ ಬೇಡ. ಕಾಳು ಬಿಡಿಸಲು ಒಂದಷ್ಟು ಕೈಗಳು ಬೇಕು, ಅಷ್ಟೆ.